ಸಾಸಿವೆಯ ನೆಂಟ: ಮುಂಬಯಿ ಬಾಲ್ಕನಿಗೆ ಬಂದ ಚೀನಾ ಎಲೆಕೋಸಿನ ಕಥೆ

ನಮ್ಮ ಕರಾವಳಿಯ ಮನೆಗಳಲ್ಲಿ ಸಿಹಿಗುಂಬಳಕ್ಕೆ ಚೀನಿಕಾಯಿ ಎನ್ನುತ್ತಾರೆ. ಆ ಕಾಯಿ ಹುಟ್ಟಿದ್ದು ಅಮೆರಿಕ ಖಂಡದಲ್ಲಿ. ಚೀನಾಕ್ಕೂ ಅದಕ್ಕೂ ಹುಟ್ಟಿನ ಸಂಬಂಧವಿಲ್ಲ. ಹೊರಗಿನಿಂದ ಬಂದದ್ದಕ್ಕೆ ‘ಸೀಮೆ’ ಎಂದು ಮುಂದೆ ಸೇರಿಸುವುದೂ ನಮ್ಮ ಹಳೆಯ ರೂಢಿ: ಸೀಮೆಬದನೆ, ಸೀಮೆಎಣ್ಣೆ, ಸೀಮೆಸುಣ್ಣ. ಇನ್ನು ಊರೂರಿನ ರಸ್ತೆ ಬದಿಯಲ್ಲಿ ಸಿಗುವ ಗೋಬಿ ಮಂಚೂರಿಯಂತೂ ಮಂಚೂರಿಯಾದ ಮುಖವನ್ನೇ ಕಂಡದ್ದಲ್ಲ. ಅಡುಗೆಮನೆಯಲ್ಲಿ ಹೆಸರು ಒಂದು ಊರಿನದು, ಬೇರು ಮತ್ತೊಂದು ಊರಿನದು.

ಕೆಲವು ವರ್ಷಗಳಿಂದ ಮುಂಬಯಿ, ಠಾಣೆ, ನವಿಮುಂಬಯಿಯ ಬಾಲ್ಕನಿಗಳಲ್ಲಿ ಹೊಸ ಸೊಪ್ಪೊಂದು ಕಾಣಿಸಿಕೊಳ್ಳುತ್ತಿದೆ. ಮಾರುಕಟ್ಟೆಯಲ್ಲಿ ಅದಕ್ಕೆ ಚೈನೀಸ್ ಕ್ಯಾಬೇಜ್ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಎರಡು ಬಗೆ. ಉದ್ದಕ್ಕೆ ಗಡ್ಡೆ ಕಟ್ಟುವ, ತಿಳಿಹಸಿರು ಎಲೆಯ ‘ನಾಪಾ’ ಒಂದು. ಗಡ್ಡೆ ಕಟ್ಟದೆ ದಪ್ಪ ಬಿಳಿ ದಂಟಿನ ಮೇಲೆ ಕಡುಹಸಿರು ಎಲೆ ಬಿಡುವ ‘ಬೊಕ್ ಚೊಯ್’ ಇನ್ನೊಂದು. ನಮ್ಮ ಅಪಾರ್ಟ್‌ಮೆಂಟಿನ ಬಾಲ್ಕನಿಯಲ್ಲಿ ತುಳಸಿ, ಕರಿಬೇವು, ದೊಡ್ಡಪತ್ರೆಯ ಪಕ್ಕದಲ್ಲಿ ನಾನೂ ಇದನ್ನು ಬೆಳೆಸುತ್ತೇನೆ. ಕಂಪ್ಯೂಟರಿನ ಮುಂದೆ ಕುಳಿತು ದುಡಿಯುವವರಿಗೆ ಯಾವುದೇ ವಸ್ತುವಿನ ಹಿಂದಿನ ಆವೃತ್ತಿ ಯಾವುದು, ಅದು ಎಲ್ಲಿಂದ ಕವಲೊಡೆಯಿತು ಎಂದು ಕೆದಕುವ ಚಾಳಿ ಇರುತ್ತದೆ. ಈ ಸೊಪ್ಪಿನ ಜಾತಕವನ್ನು ಹಾಗೆ ಕೆದಕಿದಾಗ ಸಿಕ್ಕಿದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಮುಂಬಯಿಯ ಒಂದು ಹಳೆಯ ತೋಟ

ಮೊದಲು ನಾವು ‘ನಮ್ಮದು’ ಎಂದುಕೊಂಡಿರುವ ಉಂಡೆ ಎಲೆಕೋಸಿನ ಮೂಲ ನೋಡೋಣ. ಅದು ಯುರೋಪಿನ ಸಮುದ್ರತೀರದ ಗಿಡ. ಪೋರ್ಚುಗೀಸರ ಕಾಲದಲ್ಲಿ ಭಾರತಕ್ಕೆ ಬಂತು ಎಂಬುದು ಸಾಮಾನ್ಯ ಅಭಿಪ್ರಾಯ. ಪೋರ್ಚುಗೀಸ್ ಭಾಷೆಯಲ್ಲಿ ಇದರ ಹೆಸರು ‘ಕೋವೆ’. ನಮ್ಮ ಎಲೆಕೋಸು, ಹೂಕೋಸು, ನವಿಲುಕೋಸುಗಳಲ್ಲಿರುವ ‘ಕೋಸು’ ಆ ಮಾತಿನಿಂದಲೇ ಬಂದದ್ದು ಎಂದು ಭಾಷೆ ಬಲ್ಲವರು ಹೇಳುತ್ತಾರೆ. ಇಲ್ಲಿನ ಮರಾಠಿ ತರಕಾರಿಯವರು ದಿನವೂ ಕೂಗುವ ‘ಕೋಬಿ’ಯೂ ಅದೇ ಬೇರಿನದು ಎನ್ನುತ್ತಾರೆ.

ಪೋರ್ಚುಗೀಸರ ಕಾಲ ಎಂದಾಗ ನಮ್ಮ ನಗರದ ಒಂದು ತೋಟವನ್ನು ನೆನೆಯಲೇಬೇಕು. ವೈದ್ಯ ಗಾರ್ಸಿಯಾ ದ ಓರ್ತಾ 1534ರಲ್ಲಿ ಭಾರತಕ್ಕೆ ಬಂದು ಗೋವೆಯಲ್ಲಿ ನೆಲೆಸಿದ. 1554ರ ಸುಮಾರಿಗೆ ಮುಂಬಯಿ ದ್ವೀಪ ಅವನಿಗೆ ಗೇಣಿಗೆ ಸಿಕ್ಕಿತು. ಇಂದು ಏಷಿಯಾಟಿಕ್ ಸೊಸೈಟಿಯ ಪುರಭವನದ ಹಿಂದೆ, ನೌಕಾಪಡೆಯ ಆವರಣದೊಳಗೆ ಇರುವ ಜಾಗದಲ್ಲಿ ಅವನ ಮನೆ, ಮನೆಗೊಂದು ತೋಟ ಇದ್ದವು. ಮುಂಬಯಿಯ ತನ್ನ ಮಾವಿನ ಮರ ವರ್ಷಕ್ಕೆ ಎರಡು ಸಲ ಫಲ ಕೊಡುತ್ತದೆ ಎಂದು ಅವನು ಹೆಮ್ಮೆಯಿಂದ ಬರೆದಿದ್ದಾನೆ. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಪುಸ್ತಕ ಭಾರತದ ಗಿಡಮೂಲಿಕೆಗಳ ಕುರಿತ ಸಂವಾದಗಳ ಸಂಗ್ರಹ. ಅದರಲ್ಲಿ ಆಂಟೋನಿಯಾ ಎಂಬ ಸೇವಕಿ ಬರುತ್ತಾಳೆ. ಒಡೆಯ ಕೇಳಿದಾಗ ಹಣ್ಣು, ಎಲೆ, ಬೇರುಗಳನ್ನು ತಂದು ತೋರಿಸುವುದು ಅವಳ ಕೆಲಸ. ಗಿಡವನ್ನು ಕೈಯಾರೆ ಬಲ್ಲವಳಿಗೆ ಪುಸ್ತಕದಲ್ಲಿ ಸಿಕ್ಕಿದ್ದು ಒಂದೆರಡು ಸಾಲು.

ಓರ್ತಾನ ಕುಟುಂಬ ಮೂಲತಃ ಯಹೂದಿಗಳದು. ಒತ್ತಾಯಕ್ಕೆ ಮತಾಂತರಗೊಂಡವರ ಮನೆತನ. ಅವನು ಸತ್ತ ಮೇಲೆ, 1569ರಲ್ಲಿ, ಗುಟ್ಟಾಗಿ ಹಳೆಯ ಧರ್ಮ ಪಾಲಿಸುತ್ತಿದ್ದಳೆಂದು ಅವನ ತಂಗಿ ಕ್ಯಾಟರೀನಾಳನ್ನು ಗೋವೆಯ ಇನ್‌ಕ್ವಿಸಿಷನ್ ಜೀವಂತ ಸುಟ್ಟಿತು. 1580ರಲ್ಲಿ ಓರ್ತಾನ ಎಲುಬುಗಳನ್ನೂ ಅಗೆದು ತೆಗೆದು ಸುಟ್ಟರು. ಊರಿಂದೂರಿಗೆ ಗಿಡ ಬಂದರೆ ನೀರು ಹಾಕುತ್ತೇವೆ. ಮನುಷ್ಯ ಬಂದರೆ ಅವನ ಬೇರು ಅಗೆದು ನೋಡುತ್ತೇವೆ. ಈ ಮಾತು ಮುಂದೆಯೂ ಬೇಕಾಗುತ್ತದೆ.

ಇದೇ ದ್ವೀಪ 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನಳ ಮದುವೆಯ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಹೋಯಿತು ಎಂಬುದು ನಮಗೆಲ್ಲ ಗೊತ್ತಿರುವ ಸಂಗತಿ. ಬಳುವಳಿಯ ಇನ್ನೊಂದು ಕಥೆ ಚೀನಾದಲ್ಲಿದೆ. ಅದರಲ್ಲಿ ಎಲೆಕೋಸೇ ನಾಯಕ.

ಪಚ್ಚೆಕಲ್ಲಿನ ಎಲೆಕೋಸು

ಚೀನೀಯರು ತಮ್ಮ ಎಲೆಕೋಸಿಗೆ ‘ಬಾಯ್‌ಚಾಯ್’ ಎನ್ನುತ್ತಾರೆ. ಬಿಳಿ ಸೊಪ್ಪು ಎಂದು ಅರ್ಥ. ಅದೇ ಮಾತು ಕ್ಯಾಂಟನ್ ಕಡೆಯವರ ಬಾಯಲ್ಲಿ ‘ಬೊಕ್ ಚೊಯ್’ ಆಗುತ್ತದೆ. ‘ನಾಪಾ’ ಎಂಬುದು ಜಪಾನಿ ಭಾಷೆಯಲ್ಲಿ ಸೊಪ್ಪಿಗೆ ಇರುವ ಮಾತಿನಿಂದ ಬಂದದ್ದು. ಹಳೆಯ ಚೀನೀ ಗ್ರಂಥಗಳಲ್ಲಿ ಇದರ ಹೆಸರು ‘ಸೊಂಗ್’. ಆ ಅಕ್ಷರದೊಳಗೆ ಪೈನ್ ಮರದ ಅಕ್ಷರ ಅಡಗಿದೆ. ಚಳಿಗಾಲದಲ್ಲೂ ಪೈನ್ ಮರದಂತೆ ಹಸಿರಾಗಿ ನಿಲ್ಲುವ ಸೊಪ್ಪು ಎಂಬ ಮೆಚ್ಚುಗೆ ಅದರಲ್ಲಿದೆ. 1596ರಲ್ಲಿ ಪ್ರಕಟವಾದ ಲೀ ಶಿಝೆನ್‌ನ ಪ್ರಸಿದ್ಧ ಔಷಧಿ ಗ್ರಂಥದಲ್ಲೂ ಇದರ ವಿವರ ಇದೆ. ದಕ್ಷಿಣ ಚೀನಾದ ಬೊಕ್ ಚೊಯ್ ಮತ್ತು ಉತ್ತರದ ಟರ್ನಿಪ್ ಅಕ್ಕಪಕ್ಕದಲ್ಲಿ ಬೆಳೆದು ಬೆರಕೆಯಾದಾಗ ಗಡ್ಡೆ ಕಟ್ಟುವ ಬಗೆ ಹುಟ್ಟಿರಬೇಕು ಎಂದು ಸಸ್ಯವಿಜ್ಞಾನಿಗಳು ಊಹಿಸುತ್ತಾರೆ.

ಉತ್ತರ ಚೀನಾದ ಬಡವರ ಮನೆಯಲ್ಲಿ ಚಳಿಗಾಲ ಕಳೆಯಲು ಇದ್ದ ಮುಖ್ಯ ತರಕಾರಿ ಇದು. ನಮ್ಮಲ್ಲಿ ಮಳೆಗಾಲಕ್ಕೆ ಹಪ್ಪಳ, ಸಂಡಿಗೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ ಜೋಡಿಸಿಡುವಂತೆ ಅಲ್ಲಿನ ಹೆಂಗಸರು ನವೆಂಬರ್ ಬಂತೆಂದರೆ ಎಲೆಕೋಸು ಪೇರಿಸಿಡುತ್ತಿದ್ದರು. ಕೊರಿಯಾದಲ್ಲಿ ಅದನ್ನು ಉಪ್ಪು, ಮೆಣಸಿನಪುಡಿ ಹಚ್ಚಿ ಹುಳಿಬರಿಸಿ ‘ಕಿಮ್ಚಿ’ ಮಾಡುತ್ತಾರೆ. ಬೀದಿಯ ಹೆಂಗಸರೆಲ್ಲ ಸೇರಿ ಕಿಮ್ಚಿ ಹಾಕುವ ಆ ಸಂಪ್ರದಾಯವನ್ನು ಯುನೆಸ್ಕೋ 2013ರಲ್ಲಿ ದಕ್ಷಿಣ ಕೊರಿಯಾದ ಹೆಸರಿನಲ್ಲೂ 2015ರಲ್ಲಿ ಉತ್ತರ ಕೊರಿಯಾದ ಹೆಸರಿನಲ್ಲೂ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ದೇಶ ಎರಡಾದರೂ ಭರಣಿ ಒಂದೇ.

ಬಡವರ ಈ ಸೊಪ್ಪು ಅರಮನೆಗೂ ಹೊಕ್ಕಿತು. ತೈಪೆಯ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಪಚ್ಚೆಕಲ್ಲಿನಲ್ಲಿ ಕೆತ್ತಿದ ಒಂದು ಎಲೆಕೋಸಿದೆ. ಎತ್ತರ 18.7 ಸೆಂಟಿಮೀಟರ್, ಅಂದರೆ ಒಂದು ಗೇಣಿಗಿಂತ ಕಡಿಮೆ. ಕಲ್ಲಿನ ಬಿಳಿ ಭಾಗವೇ ದಂಟು, ಹಸಿರು ಭಾಗವೇ ಎಲೆ, ಎಲೆಯ ತುದಿಯಲ್ಲಿ ಎರಡು ಮಿಡತೆಗಳು. ಇದು ಗುವಾಂಗ್‌ಷು ಚಕ್ರವರ್ತಿಯ ರಾಣಿ ಜಿನ್ ವಾಸವಿದ್ದ ಅರಮನೆಯಲ್ಲಿತ್ತು. ಅವಳು ತವರಿನಿಂದ ತಂದ ಬಳುವಳಿ ಇರಬೇಕು ಎಂದು ನಂಬುತ್ತಾರೆ. ಬಿಳಿ ದಂಟು ಹೆಣ್ಣಿನ ಶೀಲಕ್ಕೆ, ಮಿಡತೆ ಬಹುಸಂತಾನಕ್ಕೆ ಸಂಕೇತವಂತೆ. ಎಲೆಕೋಸನ್ನೂ ಬಿಡದೆ ಹೆಣ್ಣಿಗೆ ಉಪದೇಶ ಮಾಡಲು ಬಳಸಿದ್ದಾರೆ ನೋಡಿ!

ಸಾಸಿವೆಯ ಗಣಿತ

ಇಷ್ಟು ದಿನ ಎಲೆಕೋಸು, ಚೀನಾ ಎಲೆಕೋಸು ಎರಡೂ ಒಡಹುಟ್ಟಿದವು ಎಂದು ತಿಳಿದವರಿಗೆ ಒಂದು ಅಚ್ಚರಿ. ಅವೆರಡೂ ಬೇರೆ ಬೇರೆ ಜಾತಿಯ ಗಿಡಗಳು. ಉಂಡೆ ಎಲೆಕೋಸು, ಹೂಕೋಸು, ನವಿಲುಕೋಸು ‘ಬ್ರಾಸಿಕಾ ಒಲೆರೇಸಿಯಾ’ ಎಂಬ ಒಂದು ಜಾತಿ. ಚೀನಾ ಎಲೆಕೋಸು, ಬೊಕ್ ಚೊಯ್, ಟರ್ನಿಪ್, ಉತ್ತರ ಭಾರತದಲ್ಲಿ ಎಣ್ಣೆಗೆಂದು ಬೆಳೆಯುವ ಹಳದಿ ಸರ್ಸೋಂ ಮತ್ತು ತೋರಿಯಾ ‘ಬ್ರಾಸಿಕಾ ರಾಪಾ’ ಎಂಬ ಇನ್ನೊಂದು ಜಾತಿ. ಹಿಮಾಚಲದಲ್ಲಿ ಬಿಡುಗಡೆಯಾದ ಒಂದು ಚೀನಾ ಎಲೆಕೋಸಿನ ತಳಿಯ ಹೆಸರೇ ‘ಸೋಲನ್ ಬಂದ್ ಸರ್ಸೋಂ’, ಅಂದರೆ ಗಡ್ಡೆ ಕಟ್ಟಿದ ಸಾಸಿವೆ. ಸಂಬಂಧ ಗುರುತಿಸಿ ಇಟ್ಟ ಹೆಸರು.

ಈ ಸಂಬಂಧವನ್ನು ಲೆಕ್ಕ ಹಾಕಿ ತೋರಿಸಿದ ವಿಜ್ಞಾನಿ ವೂ ಜಾಂಗ್‌ಚುನ್. ಜಪಾನೀಯರು ಅವರನ್ನು ನಾಗಹಾರು ಉ ಎಂದು ಕರೆದರು. 1935ರಲ್ಲಿ ಅವರು ಪ್ರಕಟಿಸಿದ ಪ್ರಬಂಧದ ತಿರುಳನ್ನು ನಮ್ಮ ಒಗ್ಗರಣೆಯ ಭಾಷೆಯಲ್ಲಿ ಹೇಳಬಹುದು. ಚೀನಾ ಎಲೆಕೋಸಿನ ಜಾತಿಗೆ 20 ವರ್ಣತಂತುಗಳು. ಕರಿಸಾಸಿವೆಗೆ 16. ಇವೆರಡೂ ಎಂದೋ ಪ್ರಕೃತಿಯಲ್ಲಿ ಕೂಡಿ, ಎರಡರ ವರ್ಣತಂತುಗಳನ್ನೂ ಪೂರ್ತಿಯಾಗಿ ಉಳಿಸಿಕೊಂಡ 36 ವರ್ಣತಂತುಗಳ ಹೊಸ ಗಿಡ ಹುಟ್ಟಿತು. ಅದೇ ‘ಬ್ರಾಸಿಕಾ ಜುನ್ಸಿಯಾ’. ಇಂದು ನಾವು ಅಂಗಡಿಯಿಂದ ತಂದು ಒಗ್ಗರಣೆಗೆ ಸಿಡಿಸುವ ಸಾಸಿವೆ ಬಹುಪಾಲು ಇದೇ. ಅಂದರೆ ಚೀನಾ ಎಲೆಕೋಸಿನ ಜಾತಿ ನಮ್ಮ ಸಾಸಿವೆಯ ಹೆತ್ತವರಲ್ಲಿ ಒಂದು. ಪೋರ್ಚುಗೀಸರ ಕೋಸಿಗಿಂತ ಈ ‘ಪರದೇಶಿ’ಯೇ ನಮ್ಮ ಒಗ್ಗರಣೆ ಡಬ್ಬಿಗೆ ಹತ್ತಿರದ ನೆಂಟ.

ಈ ಲೆಕ್ಕ ಹಾಕಿದವರ ಬದುಕೂ ಎರಡು ಕುಲಗಳ ಕೂಡಿಕೆಯೇ ಆಗಿತ್ತು. ವೂ ಹುಟ್ಟಿದ್ದು 1898ರಲ್ಲಿ, ಟೋಕಿಯೋದಲ್ಲಿ. ತಾಯಿ ಜಪಾನೀ, ತಂದೆ ಕೊರಿಯಾದ ಸೇನಾಧಿಕಾರಿ. ಆ ತಂದೆ 1895ರಲ್ಲಿ ಕೊರಿಯಾದ ರಾಣಿ ಮಿನ್‌ಳ ಕೊಲೆಯ ಸಂಚಿನಲ್ಲಿ ಸೇರಿ ಜಪಾನಿಗೆ ಓಡಿಬಂದವನು. 1903ರಲ್ಲಿ ಅವನನ್ನು ಕೊರಿಯಾದವನೊಬ್ಬ ಕೊಂದ. ವಿಧವೆ ತಾಯಿ ಕಷ್ಟದಲ್ಲಿ ಮಗನನ್ನು ಬೆಳೆಸಿದಳು. ಜಪಾನಿನಲ್ಲಿ ಅವರು ಕೊರಿಯನ್, ಕೊರಿಯಾದಲ್ಲಿ ದೇಶದ್ರೋಹಿಯ ಮಗ, ಸಾಲದ್ದಕ್ಕೆ ಅರ್ಧ ಜಪಾನೀ.

ಎರಡನೆಯ ಮಹಾಯುದ್ಧದ ನಂತರ ಸ್ವತಂತ್ರವಾದ ಕೊರಿಯಾಕ್ಕೆ ಜಪಾನಿನಿಂದ ಬರುತ್ತಿದ್ದ ಎಲೆಕೋಸು, ಮೂಲಂಗಿ ಬೀಜ ನಿಂತುಹೋಯಿತು. ಕಿಮ್ಚಿ ಇಲ್ಲದೆ ಊಟವೇ ಇಲ್ಲದ ನಾಡಿಗೆ ಅದು ಸಣ್ಣ ಸಂಕಟವಲ್ಲ. 1950ರ ಮಾರ್ಚ್‌ನಲ್ಲಿ ವೂ ಹೆಂಡತಿ ಮಕ್ಕಳನ್ನು ಜಪಾನಿನಲ್ಲೇ ಬಿಟ್ಟು, ಕೊರಿಯನ್ ಭಾಷೆಯೂ ಸರಿಯಾಗಿ ಬಾರದೆ, ಬುಸಾನ್ ನಗರಕ್ಕೆ ಬಂದರು. ಮೂರು ತಿಂಗಳಲ್ಲಿ ಯುದ್ಧ ಶುರುವಾಯಿತು. ಆ ಯುದ್ಧದ ನಡುವೆಯೇ ಅವರು ಎಲೆಕೋಸು, ಮೂಲಂಗಿಯ ಒಳ್ಳೆಯ ತಳಿಗಳನ್ನು ಬೆಳೆಸಿ ಆ ದೇಶ ತನ್ನ ಬೀಜ ತಾನೇ ಮಾಡಿಕೊಳ್ಳುವಂತೆ ಮಾಡಿದರು. 1953ರಲ್ಲಿ ಜಪಾನಿನಲ್ಲಿ ತಾಯಿ ತೀರಿಕೊಂಡಾಗ ಹೋಗಲು ಸರಕಾರ ಅವರಿಗೆ ಅನುಮತಿ ಕೊಡಲಿಲ್ಲ. ಜನ ದುಃಖ ಹಂಚಿಕೊಂಡು ಕೊಟ್ಟ ಹಣದಲ್ಲಿ ಅವರು ಸಂಶೋಧನಾ ಸಂಸ್ಥೆಯ ಅಂಗಳದಲ್ಲಿ ಬಾವಿ ತೋಡಿಸಿ, ತಾಯಿಯ ಎದೆಹಾಲಿನ ಚಿಲುಮೆ ಎಂಬ ಅರ್ಥದ ಹೆಸರಿಟ್ಟರು. 1959ರಲ್ಲಿ ಅವರು ತೀರಿಕೊಂಡರು. ಬಾವಿ ಇಂದಿಗೂ ಅಲ್ಲಿದೆ.

ಮಜಗಾಂವ್‌ನಿಂದ ಮಾಟುಂಗಾಕ್ಕೆ

ಮತ್ತೆ ಮುಂಬಯಿಗೆ ಬರೋಣ. ಹಡಗುಗಳ ವ್ಯಾಪಾರದ ಜೊತೆಗೆ ಚೀನೀಯರು ಈ ಬಂದರಿಗೆ ಬಂದು ಮಜಗಾಂವ್ ಸುತ್ತ ನೆಲೆಸಿದ್ದರು. 1919ರಲ್ಲಿ ಅವರು ಕಟ್ಟಿದ ‘ಸೀ ಯುಪ್ ಕೂನ್’ ದೇವಾಲಯ ನವಾಬ್ ಟ್ಯಾಂಕ್ ರಸ್ತೆಯಲ್ಲಿ ಈಗಲೂ ಇದೆ. ಕೆಂಪು ಬಾಗಿಲು, ಒಳಗೆ ಗುವಾನ್ ಗೊಂಗ್ ದೇವರು. ಅಲ್ಲಿ ಜನ ಸೇರುವುದು ಹೆಚ್ಚಾಗಿ ಚೀನೀ ಹೊಸವರ್ಷದ ದಿನ. ಅಷ್ಟು ಕಡಿಮೆ ಮಂದಿ ಉಳಿದಿರುವುದಕ್ಕೆ ಕಾರಣವಿದೆ. 1962ರ ಯುದ್ಧದಲ್ಲಿ ಭಾರತದಲ್ಲೇ ಹುಟ್ಟಿ ಬೆಳೆದ ಚೀನೀ ಮೂಲದವರನ್ನೂ ಶತ್ರುಗಳಂತೆ ಕಂಡರು. ಹೆಚ್ಚಾಗಿ ಅಸ್ಸಾಂ, ಬಂಗಾಳದ ಕಡೆಯ ಸುಮಾರು 3,000 ಮಂದಿಯನ್ನು, ಹೆಂಗಸರು ಮಕ್ಕಳೆನ್ನದೆ, ರಾಜಸ್ಥಾನದ ದೇವ್ಲಿ ಶಿಬಿರದಲ್ಲಿ ಕೂಡಿಹಾಕಿದರು. ಮುಂಬಯಿಯ ಅನೇಕ ಚೀನೀ ಕುಟುಂಬಗಳೂ ಊರು ಬಿಟ್ಟು ಹೋದವು.

ಜನ ಹೋದರು, ಅವರ ಅಡುಗೆಯ ಹೆಸರು ಮಾತ್ರ ಉಳಿದು ಹಬ್ಬಿತು. ಕೋಲ್ಕತ್ತದಲ್ಲಿ ಹುಟ್ಟಿ ಮುಂಬಯಿಗೆ ಬಂದ ಚೀನೀ ಮೂಲದ ಬಾಣಸಿಗ ನೆಲ್ಸನ್ ವಾಂಗ್ 1975ರಲ್ಲಿ ಇಲ್ಲಿನ ಕ್ರಿಕೆಟ್ ಕ್ಲಬ್ ಆಫ್ ಇಂಡಿಯಾದಲ್ಲಿ ಹಸಿಮೆಣಸು, ಶುಂಠಿ, ಬೆಳ್ಳುಳ್ಳಿಗೆ ಸೋಯಾ ಸಾಸ್ ಬೆರೆಸಿ ಚಿಕನ್ ಮಂಚೂರಿಯನ್ ಮಾಡಿದರು ಎನ್ನುತ್ತಾರೆ. ಅದು ಸಸ್ಯಾಹಾರಿ ರೂಪ ತಾಳಿ ಹೂಕೋಸಿನ ಗೋಬಿ ಮಂಚೂರಿಯಾಯಿತು. ಕರ್ನಾಟಕದಲ್ಲಿ ಅದೆಷ್ಟು ಮನೆಮಾತಾಯಿತೆಂದರೆ, 2024ರ ಮಾರ್ಚ್‌ನಲ್ಲಿ ಅದಕ್ಕೆ ಕೃತಕ ಬಣ್ಣ ಹಾಕಬಾರದೆಂದು ರಾಜ್ಯ ಸರಕಾರ ಆದೇಶ ಹೊರಡಿಸಬೇಕಾಯಿತು.

ಇದರಲ್ಲಿ ನಮ್ಮವರ ಪಾಲೂ ಇದೆ. 1942ರಲ್ಲಿ ಮಾಟುಂಗಾ ನಿಲ್ದಾಣದ ಬಳಿ ಎ. ರಾಮ ನಾಯಕ್ ಅವರು ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದು ಬಾಳೆ ಎಲೆಯ ಊಟ ಬಡಿಸಿದರು. 1960ರ ದಶಕದ ಕೊನೆಯಲ್ಲಿ ದಕ್ಷಿಣದವರು ಹೊರಗಿನವರೆಂದು ಚಳವಳಿ ನಡೆದಾಗ ಉಡುಪಿ ಹೋಟೆಲುಗಳ ಮೇಲೂ ಕಲ್ಲು ಬಿದ್ದವು. ಆ ದಿನಗಳನ್ನು ಕಂಡ ಹಿರಿಯರು ನಮ್ಮ ಸಂಘಗಳಲ್ಲಿ ಇನ್ನೂ ಇದ್ದಾರೆ. ಹೋಟೆಲುಗಳವರು ಶಟರ್ ಎಳೆದು, ಮರುದಿನ ತೆರೆದು, ಇಡ್ಲಿ ಬಡಿಸಿದರು. ಮುಂದೆ ಅದೇ ಹೋಟೆಲುಗಳ ಬೋರ್ಡಿನ ಮೇಲೆ ‘ಸೌತ್ ಇಂಡಿಯನ್, ಪಂಜಾಬಿ, ಚೈನೀಸ್’ ಎಂಬ ಮೂರು ಪದಗಳು ಒಟ್ಟಿಗೆ ಬಂದವು. ಶೆಜ್ವಾನ್ ದೋಸೆ ಹುಟ್ಟಿತು. ಹೊರಗಿನವರೆನಿಸಿಕೊಂಡ ಕನ್ನಡಿಗರು, ಹೊರಗಿನವರೆನಿಸಿಕೊಂಡ ಚೀನೀಯರ ಹೆಸರಿನಲ್ಲಿ, ಪೋರ್ಚುಗೀಸರ ಕೋಸನ್ನು ಹೆಚ್ಚಿ ಹಾಕಿ ಮರಾಠಿ, ಗುಜರಾತಿ ಮಕ್ಕಳ ಹೊಟ್ಟೆ ತುಂಬಿಸಿದರು. ಈ ಇಡೀ ವ್ಯವಹಾರದಲ್ಲಿ ಬಾಣಲೆಗೆ ಬೀಳದೆ ಉಳಿದದ್ದು ನಿಜವಾದ ಚೀನಾ ಎಲೆಕೋಸು ಒಂದೇ!

ಹೆಂಗಸರ ಕೈ, ಮುಂಬಯಿಯ ಮಣ್ಣು

ಈ ನಗರದಲ್ಲಿ ಮಣ್ಣೆಲ್ಲಿದೆ ಎಂದು ಕೇಳುವವರಿದ್ದಾರೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಭಾರತದಲ್ಲಿ ಮೊದಲು ರೇಷನ್ ಬಂದದ್ದು ಮುಂಬಯಿಗೆ. ‘ಹೆಚ್ಚು ಆಹಾರ ಬೆಳೆಯಿರಿ’ ಆಂದೋಲನವೂ ಆಗಲೇ ಶುರುವಾಯಿತು. ಲೋಕಲ್ ರೈಲಿನ ಕಿಟಕಿಯಿಂದ ನಾವು ನೋಡುತ್ತ ಬಂದ ಹಳಿಯಂಚಿನ ಪಾಲಕ್, ಬೆಂಡೆಯ ಮಡಿಗಳು ರೈಲ್ವೆಯವರು ಅದೇ ಹೆಸರಿನ ಯೋಜನೆಯಲ್ಲಿ ನೌಕರರಿಗೆ ಕೊಟ್ಟ ಜಾಗಗಳು. ಸ್ವಾತಂತ್ರ್ಯದ ನಂತರ ಅಕ್ಕಿ, ಗೋಧಿಗೆ ಬರ ಬಂದಾಗ ಲೀಲಾವತಿ ಮುನ್ಶಿ ಅವರು ಮಹಿಳೆಯರ ಆಹಾರ ಮಂಡಳಿ ಕಟ್ಟಿ, ತರಕಾರಿ ಮತ್ತು ಗೆಡ್ಡೆಗಳಿಂದ ಅಡುಗೆ ಮಾಡಿ ಬಡಿಸುವ ‘ಅನ್ನಪೂರ್ಣಾ’ ಉಪಾಹಾರಗೃಹಗಳನ್ನು ನಡೆಸಿದರು.

ನಮ್ಮ ಕಾಲದ ಉದಾಹರಣೆ ಪ್ರೀತಿ ಪಾಟೀಲ್. ಮುಂಬಯಿ ಪೋರ್ಟ್ ಟ್ರಸ್ಟ್‌ನ ಕೇಂದ್ರ ಅಡುಗೆಮನೆಯ ಅಧಿಕಾರಿಯಾಗಿದ್ದ ಅವರು 2002ರಲ್ಲಿ ಅಡುಗೆಮನೆಯ ಕಸವನ್ನೇ ಗೊಬ್ಬರ ಮಾಡಿ ಅದರ ತಾರಸಿಯ ಮೇಲೆ ತೋಟ ಎಬ್ಬಿಸಿದರು. ಅಲ್ಲಿ ಕಲಿತವರು ತಮ್ಮ ತಮ್ಮ ಕಟ್ಟಡಗಳಲ್ಲಿ ತೋಟ ಮಾಡಿದರು. ಮಣ್ಣಿಲ್ಲದ ಊರಿನಲ್ಲಿ ಮಣ್ಣನ್ನೇ ತಯಾರಿಸಬಹುದು ಎಂದು ತೋರಿಸಿದ್ದು ಅವರ ದೊಡ್ಡ ಕೆಲಸ.

ಚೀನಾ ಎಲೆಕೋಸು ಬೆಳೆಸಬೇಕೆಂದಿರುವ ಗೆಳತಿಯರಿಗೆ ನಾಲ್ಕು ಮಾತು. ಇದಕ್ಕೆ ಇಷ್ಟ 15ರಿಂದ 20 ಡಿಗ್ರಿಯ ತಂಪು. ಮುಂಬಯಿಯಲ್ಲಿ ಡಿಸೆಂಬರ್, ಜನವರಿಯ ರಾತ್ರಿ 17 ಡಿಗ್ರಿಯ ಆಸುಪಾಸಿಗೆ ಇಳಿದರೂ ಹಗಲು 30 ದಾಟುತ್ತದೆ. ಆದ್ದರಿಂದ ನಾಪಾ ಇಲ್ಲಿ ಬಿಗಿಯಾಗಿ ಗಡ್ಡೆ ಕಟ್ಟುವುದು ಕಷ್ಟ. ಸಡಿಲ ಎಲೆಯಾಗಿಯೇ ಕೊಯ್ದು ತಿನ್ನಬೇಕು. ಬೊಕ್ ಚೊಯ್ ಸುಲಭ. ದಸರಾ ಕಳೆದು ಮಳೆ ಪೂರ್ತಿ ನಿಂತ ಮೇಲೆ ಬೀಜ ಹಾಕಿ. ಮೂರ್ನಾಲ್ಕು ಎಲೆ ಬಂದಾಗ ಒಂದು ಅಡಿ ಅಗಲ, ಮುಕ್ಕಾಲು ಅಡಿ ಆಳದ ಕುಂಡಕ್ಕೆ ಒಂದೊಂದೇ ಸಸಿ ನೆಡಿ. ಕೆಂಪುಮಣ್ಣು, ಅಡುಗೆಮನೆಯ ಗೊಬ್ಬರ, ತೆಂಗಿನ ನಾರಿನ ಪುಡಿ ಸಮಪಾಲು ಸಾಕು. ಬೆಳಗಿನ ನಾಲ್ಕೈದು ಗಂಟೆ ಬಿಸಿಲು ಬೀಳಲಿ, ಮಧ್ಯಾಹ್ನದ ಬಿಸಿಲು ತಪ್ಪಲಿ. ಮಣ್ಣು ಒಣಗಲು ಬಿಡಬೇಡಿ. ಎಲೆಯಡಿ ಹೇನು, ಹಸಿರು ಹುಳು ಬರುತ್ತವೆ. ದಿನಕ್ಕೊಮ್ಮೆ ಎಲೆ ತಿರುವಿ ನೋಡಿ, ಕೈಯಲ್ಲೇ ತೆಗೆಯಿರಿ, ವಾರಕ್ಕೊಮ್ಮೆ ಬೇವಿನೆಣ್ಣೆ ಸಿಂಪಡಿಸಿ. ಬೊಕ್ ಚೊಯ್ 40ರಿಂದ 50 ದಿನಕ್ಕೆ, ನಾಪಾ 60ರಿಂದ 80 ದಿನಕ್ಕೆ ಕೊಯ್ಲಿಗೆ ಬರುತ್ತದೆ. ಹೊರಗಿನ ಎಲೆ ಮಾತ್ರ ಕಿತ್ತರೆ ಒಳಗಿನದು ಮತ್ತೆ ಬೆಳೆಯುತ್ತದೆ. ಫೆಬ್ರವರಿಯ ಸೆಕೆಗೆ ಗಿಡ ಹೂದಂಟು ಎತ್ತಿದರೆ ಬೇಸರ ಬೇಡ. ಅದರ ತುದಿಯಲ್ಲಿ ಅರಳುವ ನಾಲ್ಕು ಎಸಳಿನ ಹಳದಿ ಹೂವನ್ನು ನೋಡಿ. ಥೇಟ್ ಸಾಸಿವೆ ಹೂವು. ಯಾವ ವಿಜ್ಞಾನಿಯ ಲೆಕ್ಕವೂ ಬೇಡ, ಗಿಡವೇ ತನ್ನ ಕುಲ ಹೇಳುತ್ತದೆ.

ನಮ್ಮ ಮನೆಯಲ್ಲಿ ಇದರ ಪಲ್ಯಕ್ಕೆ ನೀರು ಹಾಕುವುದಿಲ್ಲ. ದಂಟನ್ನು ಸಣ್ಣಗೆ ಹೆಚ್ಚಿ ಮೊದಲು, ಎಲೆಯನ್ನು ಆಮೇಲೆ ಹಾಕಿ, ಎರಡು ನಿಮಿಷ ಬಾಡಿಸಿ, ಮೇಲಿಂದ ತೆಂಗಿನತುರಿ. ಕೊಬ್ಬರಿ ಎಣ್ಣೆ ಕಾದಾಗ ಸಾಸಿವೆ ಸಿಡಿಯುತ್ತದಲ್ಲ, ಅದು ಬಾಣಲೆಯಲ್ಲಿ ಎದುರುಗೊಳ್ಳುವುದು ತನ್ನದೇ ಹಿರಿಯರನ್ನು. ಸಾವಿರಾರು ಮೈಲಿ ಸುತ್ತಿ ಬಂದ ನೆಂಟರು ಮುಂಬಯಿಯ ಒಂದು ಕನ್ನಡ ಅಡುಗೆಮನೆಯಲ್ಲಿ ಸೇರುತ್ತಾರೆ. ಪಕ್ಕದ ಮನೆಯ ಮರಾಠಿ ಕಾಕು ಇದರ ಬೀಜ ಕೇಳಿ ತೆಗೆದುಕೊಂಡು ಹೋಗಿದ್ದಾರೆ. ಅವರ ಕುಂಡದಲ್ಲಿ ಅದು ‘ಚೈನಾ ಕೋಬಿ’. ಇನ್ನು ಹತ್ತು ವರ್ಷಕ್ಕೆ ಆ ‘ಚೈನಾ’ ಉದುರಿ ಬರೀ ಭಾಜಿ ಎನಿಸಿಕೊಂಡರೂ ಆಶ್ಚರ್ಯವಿಲ್ಲ. ಈ ಸಲ ದಸರಾ ಕಳೆದ ಮೇಲೆ ಬೀಜ ಬೇಕಾದವರು ಕೇಳಿ, ಕೊಡುತ್ತೇನೆ.